ಸೂರಮ್ಮನ ‘ಹಾಂ’

ಮೊಳಕಾಲ್ಮೂರಿನ ಸೂರಮ್ಮನ ಬಾಯಿ ಎಂಥದ್ದು ಗೊತ್ತೇ? ಬೀದಿ ನಲ್ಲಿಯ ಹತ್ತಿರ ಆಕೆ ಮಾತು ತೆಗೆದರೆ, ಕೊಡ ತುಂಬಿ ಹರಿದರೂ ಯಾರಿಗೂ ಎತ್ತಿಡುವ ಖಬರು ಇರುತ್ತಿರಲಿಲ್ಲ. ಅಂಥವಳು ಭಾವೀ ಸೊಸೆಗೆ ಮೆಸೇಜು ಬರೆಯಲು ಕೂತರೆ ಮಾತ್ರ ‘ಹಾಂ’ ಬಿಟ್ಟು ಇನ್ನೊಂದಕ್ಷರ ಹೊರಡುತ್ತಿರಲಿಲ್ಲ. ಇಷ್ಟು ಜಿಪುಣತನ ಎಲ್ಲಿಂದ ಬಂತು ಎಂದು ಮಗ ಮಾರುತೇಶ ತಲೆ ಚಚ್ಚಿಕೊಳ್ಳುತ್ತಿದ್ದ.

ಮಾರುತೇಶನಿಗೆ ರಾಂಪುರದ ಕಾವ್ಯಳ ಜೊತೆ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯನ್ನು ತಾನೇ ನೇಯುತ್ತೇನೆಂದು ಸೂರಮ್ಮ ಹಟ ಹಿಡಿದು ಮಗ್ಗಕ್ಕೆ ಕೂತಿದ್ದಳು. ಗಿಳಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಮಾರುತೇಶ ಅದರ ಫೋಟೊ ಕಳಿಸಿದ್ದೇ ತಡ, ಕಾವ್ಯ ಹಿಗ್ಗಿ ಹೀರೇಕಾಯಿಯಾದಳು. ಬಣ್ಣ ಎಷ್ಟು ಚೆನ್ನಾಗಿದೆ ಅತ್ತೆ, ಸೆರಗಿಗೆ ನವಿಲು ಬರುತ್ತಾ, ನನಗೆ ಒಪ್ಪುತ್ತಾ ಅಂತ ದಿನವೂ ಮೆಸೇಜು, ಪ್ರತಿಯೊಂದರ ಹಿಂದೆ ಕೆಂಪು ಹೃದಯಗಳ ತೋರಣ. ಎಲ್ಲಕ್ಕೂ ಅತ್ತೆಯಿಂದ ಬರುತ್ತಿದ್ದದ್ದು ಅದೇ ‘ಹಾಂ’.

ಪಾಪ, ಕಡಲೆಕಾಯಿ ವ್ಯಾಪಾರದ ಮನೆಯ ಹುಡುಗಿ, ಅವಳಿಗೇನು ಗೊತ್ತು? ಸೂರಮ್ಮನ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಕಟ್ಟಳೆಯೊಂದಿದೆ. ಮಗ್ಗದ ಮೇಲಿರುವ ಸೀರೆಯನ್ನು ಹೊಗಳಬಾರದು. ಹೊಗಳಿದರೆ ದೃಷ್ಟಿ ತಾಗಿ ಎಳೆ ಹರಿಯುತ್ತದೆ. ಇಳಿಸಿದ ಮೇಲೆ ಎಷ್ಟು ಬೇಕಾದರೂ ಕುಣಿಯಬಹುದು. ಊರಿನವರ ಸೀರೆ ನೇಯುವಾಗಲೇ ತುಟಿ ಹೊಲಿದುಕೊಳ್ಳುವ ಸೂರಮ್ಮ, ಸೊಸೆಯ ಸೀರೆಗೆ ಬಾಯಿ ಬಿಡುತ್ತಾಳೆಯೇ?

ಒಂದು ಬೆಳಗ್ಗೆ ಕಾವ್ಯಳ ಅಪ್ಪ ದೊಡ್ಡೀರಪ್ಪ ಫೋನ್ ಮಾಡಿದರು. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ಫೋನು ನೋಡಿ ನೋಡಿ ಅಳುತ್ತಾಳೆ ಅಂದರು. ಆಮೇಲೆ ದನಿ ತಗ್ಗಿಸಿ, “ಸೂರಮ್ಮಾರೆ, ನಮ್ ಹುಡುಗಿ ನಿಮ್ ಮನಸ್ಸಿಗೆ ಬಂದಿಲ್ಲಾಂದ್ರೆ ಈಗ್ಲೇ ಹೇಳಿಬಿಡ್ರಿ. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಕೊಟ್ಟಿಲ್ಲ” ಅಂದರು.

ಸೂರಮ್ಮನ ಕೈಯಿಂದ ಲಾಳಿ ಜಾರಿತು. ಕಾವ್ಯಳಿಗೆ ನಾನೇ ಹೇಳುತ್ತೇನೆ ಅಂದು ಫೋನ್ ಇಟ್ಟಳು. ಸಂಬಂಧ ಮುರಿದರೆ ಅದಕ್ಕೆ ತನ್ನ ಬಿಗಿದ ಬಾಯಿಯೇ ಕಾರಣವಾಗುತ್ತದಲ್ಲ ಎಂದು ಮಗನ ಮುಂದೆ ಪೇಚಾಡಿದಳು. ನಾಲ್ಕು ಹೃದಯ ನಾನೇ ಒತ್ತಿ ಕಳಿಸುತ್ತೇನೆ ಅಂದ ಮಾರುತೇಶ. ಎಳೆ ಹರಿದರೆ ನಿನ್ನ ಫೋನು ಬಂದು ಗಂಟು ಹಾಕುತ್ತಾ ಎಂದು ಅವನಿಗೆ ಬೈದಳು. ಬೈಯುತ್ತಿದ್ದಂತೆಯೇ ಹೊಳೆಯಿತು. ಅಲ್ಲ, ಕಟ್ಟಳೆ ಇರುವುದು ಸೀರೆಗೆ. ಹುಡುಗಿಯನ್ನು ಹೊಗಳಬೇಡ ಎಂದು ಯಾವ ಅಜ್ಜಿ ಹೇಳಿದ್ದಾಳೆ?

ತಾನು ಆಡಿದಂತೆಯೇ ಬರೆಯಬೇಕು, ಒಂದಕ್ಷರ ತಿದ್ದಬಾರದು ಎಂದು ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ಕಾವ್ಯ, ಸೀರೆ ಸುದ್ದಿ ಕೇಳಬ್ಯಾಡವ್ವ. ಮಗ್ಗದ ಮ್ಯಾಲಿದ್ದಾಗ ಹೊಗಳಂಗಿಲ್ಲ, ನಮ್ಮನೆ ಕಟ್ಳೆ. ನಿನ್ ಸುದ್ದಿ ಹೇಳ್ತೀನಿ ಕೇಳು. ನಿನ್ನ ನೋಡಾಕೆ ಬಂದಿದ್ದ ದಿನ, ನೀನು ಚಾ ಲೋಟ ಕೊಡ್ತಾ ನನ್ ಬೆರಳಿನ ಗಾಯ ನೋಡಿ, ನೋವೈತಾ ಅಂತ ಕೇಳ್ದೆ. ಇಷ್ಟು ವರ್ಷ ನೇಯ್ದಿದೀನಿ, ಹಂಗೆ ಯಾರೂ ಕೇಳಿರ್ಲಿಲ್ಲ. ಅವತ್ತೇ ನೀನು ನನ್ ಮಗಳಾದೆ. ಎದ್ದು ಊಟ ಮಾಡು.”

ಮಾರುತೇಶನ ಕಣ್ಣು ತುಂಬಿತ್ತು, ಆದರೂ ಒಂದಕ್ಷರ ತಿದ್ದಲಿಲ್ಲ.

ಮೆಸೇಜು ಓದಿದ ಗುರುತು ತಕ್ಷಣವೇ ಬಂತು, ಉತ್ತರ ಬರಲಿಲ್ಲ. ಮಧ್ಯಾಹ್ನವಾಯಿತು. ಸೂರಮ್ಮ ಅನ್ನದ ಮುಂದೆ ಕೂತು ಫೋನನ್ನೇ ನೋಡುತ್ತಿದ್ದಳು. ಕೊನೆಗೆ ಅದು ಟಿಣ್ ಅಂದಾಗ ಮಾರುತೇಶ ಓಡಿಬಂದು ನೋಡಿದ. ಹೃದಯವಿಲ್ಲ, ಹೂವಿಲ್ಲ. ‘ಹಾಂ’ ಅಂತ ಇತ್ತು, ಅಷ್ಟೇ.

ಎಲ್ಲ ಮುಗಿಯಿತು ಎಂದು ಅವನ ಮುಖ ಬಾಡಿತು. ಸೂರಮ್ಮ ಮಾತ್ರ ಫೋನನ್ನು ಎದೆಗೊತ್ತಿಕೊಂಡು ಜೋರಾಗಿ ನಕ್ಕಳು.

“ಪೆದ್ದ, ನಿನಗೇನು ತಿಳೀತೈತೆ? ನಮ್ಮನೆ ಕಟ್ಳೆ ಕಲ್ತಳು ಕಣೋ. ಒಳಗೇ ಕುಣೀತಾ ಐದಾಳೆ.”

ಗಬಗಬ ಉಂಡು, ಕೈ ತೊಳೆದು, ಮತ್ತೆ ಮಗ್ಗಕ್ಕೆ ಕೂತಳು. ಸೆರಗಿನ ನವಿಲು ಅಂದೇ ಶುರುವಾಯಿತು.