ಮುಖಪುಟಕ್ಕೊಂದು ಫೋಟೋ

ಜರ್ಮನಿಯ ಬಾನ್‌ನಲ್ಲಿ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದ ಪ್ಯಾಲೆಸ್ತೀನಿ ಹೆಂಗಸು ಪತ್ರಕರ್ತೆ, ಕವಿ ಕೂಡ ಎಂದು ನನಗೆ ಗೊತ್ತಾದದ್ದು ಇಂಟರ್ನೆಟ್ಟಿನಿಂದ. ಅಲ್ಲಿಯವರೆಗೆ ಆಕೆ, ನೆಲಮಾಳಿಗೆಯ ವಾಷಿಂಗ್ ಮಷೀನಿನಲ್ಲಿ ನನ್ನ ಸರದಿಯನ್ನು ನಗುನಗುತ್ತಲೇ ಲಪಟಾಯಿಸುವ ನೆರೆಯವಳು, ಅಷ್ಟೆ. ಇನ್ನೊಬ್ಬರ ವಿಷಯ ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಒಂದು ಸಂಜೆ ಹೆಸರು ಹಾಕಿ ಹುಡುಕಿಯೇಬಿಟ್ಟೆ. ಊರಿನ ಪತ್ರಿಕೆಗೆ ವರ್ಷಗಟ್ಟಲೆ ಬರೆದ ವರದಿಗಳು, ಇಲ್ಲಿಗೆ ಬಂದ ಮೇಲಿನ ಕವಿತಾವಾಚನಗಳು, ವೇದಿಕೆಯ ಚರ್ಚೆಗಳು ಸಿಕ್ಕವು. ಎಲ್ಲ ಚಿತ್ರಗಳಲ್ಲೂ ಒಂದೇ ಬಿಗಿದ ಮುಖ. ನಮ್ಮ ವಾಚಾಳಿ ಎಲ್ಲಿ ಹೋದಳು?

ಫೋಟೋದಲ್ಲೇಕೆ ನಗುವುದಿಲ್ಲ ಎಂದು ಮಾರನೆಯ ದಿನ ಕೇಳಿದೆ.

"ನಾನು ನಕ್ಕ ತಕ್ಷಣ ಫೋಟೋದವರು ಕ್ಯಾಮೆರಾ ಕೆಳಗಿಳಿಸ್ತಾರೆ," ಎಂದಳು.

ಅವಳ ಕವನಸಂಕಲನ ಜರ್ಮನ್‌ನಲ್ಲಿ ಬರುವುದಿತ್ತು. ಪ್ರಕಾಶಕರು ಮುಖಪುಟಕ್ಕೆ ಫೋಟೋ ಕೇಳಿದಾಗ ನನ್ನನ್ನು ಕರೆದಳು. ಲ್ಯಾಬಿನಲ್ಲಿ ದಿನವಿಡೀ ಮೈಕ್ರೊಸ್ಕೋಪಿನಡಿ ಜೀವಕೋಶಗಳ ಚಿತ್ರ ತೆಗೆಯುವ ನನಗೆ ಮನುಷ್ಯರ ಮುಖ ಸಿಕ್ಕರೆ ಹಬ್ಬ. ಅವಳದು ಒಂದೇ ಷರತ್ತು, ನಗು ಬೇಕು. ಅವಳ ತಾಯಿ ಊರಿನಲ್ಲೇ ಉಳಿದಿದ್ದರು. ನೆಟ್‌ವರ್ಕ್ ಸಿಕ್ಕಾಗಲೆಲ್ಲ ಮಗಳ ಫೋಟೋಗಳನ್ನು ಹುಡುಕಿ ನೋಡುತ್ತಿದ್ದರು.

"ಚೆನ್ನಾಗಿದೀನಿ ಅಂದ್ರೆ ಅಮ್ಮ ನಂಬಲ್ಲ. ಮುಖ ನೋಡ್ತಾಳೆ."

ಬಾಲ್ಕನಿಯಲ್ಲಿ ನಿಲ್ಲಿಸಿದೆ. ನನ್ನ ಮೈಸೂರು ಜರ್ಮನ್ ಕೇಳಿಯೇ ಹಲ್ಲು ಬಿಟ್ಟು ನಕ್ಕಳು. ನಡುವೆ ಒಳಗಿಂದ ಸೀದ ವಾಸನೆ ಬಂತು. ನನಗೆಂದು ಒಲೆಯ ಮೇಲಿಟ್ಟಿದ್ದ ಬೇಳೆ ಸೂಪು ತಳ ಹಿಡಿದಿತ್ತು. ಅವಳು ಹುಬ್ಬು ಗಂಟಿಕ್ಕಿ, ಬಾಯಿ ಅರೆ ತೆರೆದು ಅಡುಗೆಮನೆಯತ್ತ ತಿರುಗಿದಳು. ಅಷ್ಟರಲ್ಲಿ ನನ್ನ ಬೆರಳು ಒತ್ತಿಯಾಗಿತ್ತು.

ಕೆಳಗೆ ಬಂದು ಗಂಡನಿಗೆ ಫೋಟೋಗಳನ್ನು ತೋರಿಸಿ, ಬೇಳೆಯ ಕತೆಯನ್ನೂ ಹೇಳಿದೆ. "ನಗೋದೆಲ್ಲ ಟೂತ್‌ಪೇಸ್ಟ್ ಆಡ್ ಥರ ಇದೆ ಕಣೇ. ಪಬ್ಲಿಷರ್ ಈ ಬೇಳೆ ಸೀದಾಗಿನ ಫೋಟೋನೇ ಸೆಲೆಕ್ಟ್ ಮಾಡ್ತಾರೆ, ನೋಡ್ತಿರು," ಎಂದರು.

ಹಾಗೆಯೇ ಆಯಿತು. ಅವಳು ಎಲ್ಲ ಫೋಟೋಗಳನ್ನೂ ಒಟ್ಟಿಗೆ ಕಳಿಸಿ, ನಗುವುದನ್ನೇ ಹಾಕಿ ಎಂದು ಬರೆದಿದ್ದಳು. ಕಳೆದುಹೋದ ನೆಲವೆಲ್ಲ ಈ ನೋಟದಲ್ಲಿದೆ ಎಂದು ಪ್ರಕಾಶಕರು ಬೇಳೆಯ ಫೋಟೋ ಆರಿಸಿದರು. ಅವಳು ಜಗಳವಾಡಿ ಸೋತಳು. ಪುಸ್ತಕ ಬಂದ ಮೇಲೆ ವಿಮರ್ಶಕರೊಬ್ಬರು ಆ ಕಣ್ಣುಗಳ ಬಗ್ಗೆಯೇ ಒಂದು ಪ್ಯಾರಾ ಬರೆದರು. ನನಗೆ ಮೈ ಉರಿದುಹೋಯಿತು. ದುಃಖ ಅವಳಿಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಕ್ಷಣದ್ದು ಬರೀ ಬೇಳೆ.

ಅವಳಿಗೆ ವಿಮರ್ಶಕರ ಚಿಂತೆಯಿರಲಿಲ್ಲ. ಅಮ್ಮ ಮುಖಪುಟ ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು ಹೆದರಿ ಫೋನ್ ಮಾಡುವುದನ್ನೇ ಮುಂದೂಡುತ್ತಿದ್ದಳು. ವಾಷಿಂಗ್ ಮಷೀನಿನ ಸರದಿಗೂ ಜಗಳಕ್ಕೆ ಬರಲಿಲ್ಲ.

ಒಂದು ಭಾನುವಾರ ಮೆಟ್ಟಿಲಿಳಿದು ಓಡಿಬಂದಳು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು. ಅಮ್ಮ ಮುಖಪುಟ ನೋಡಿಬಿಟ್ಟಳು ಎನ್ನುತ್ತ ಫೋನಿನಲ್ಲಿ ತಾಯಿಯ ಧ್ವನಿ ಸಂದೇಶ ಹಾಕಿದಳು. ನನಗೆ ಅರಬ್ಬಿ ಬಾರದು.

"ಏನಂತೆ?" ಎಂದೆ.

"ಒಲೆ ಮೇಲೆ ಏನಿಟ್ಟು ಮರೆತಿದ್ದೆ ಅಂತ ಕೇಳ್ತಿದಾಳೆ."