ಹಳ್ಳದಲ್ಲಿ ನಿಲ್ಲದ ಬಂಡಿ

ಕುರುಗೋಡಿನ ಉಜ್ಜಿನಪ್ಪನ ಹೆಸರೆತ್ತಿದರೆ ಬಳ್ಳಾರಿ ಪೇಟೆಯ ಅರಳೆ ಸಾಹುಕಾರರು ಮುಖ ಕಿವುಚುತ್ತಿದ್ದ ಕಾಲವೊಂದಿತ್ತು. ಅವನಿಗಿದ್ದದ್ದು ಒಂದು ಬಂಡಿ, ಒಂದು ಜೋಡಿ ಎತ್ತು, ಊರಾಚೆಗೂ ಕೇಳುವಂಥ ಗಂಟಲು. ಬಳ್ಳಾರಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ಸಿರುಗುಪ್ಪದ ಕಡೆಯ ಅರಳೆಯನ್ನು ಸ್ಟೇಷನ್ನಿಗೆ ಹೊತ್ತು ತರುವವರು ಇವನಂಥ ಸ್ವಂತ ಬಂಡಿಯ ಬಾಡಿಗೆಯವರೇ.

ಆ ದಾರಿಯೋ, ಬರೀ ಎರೆಮಣ್ಣು. ಮಳೆ ಬಿದ್ದರೆ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಹೂತ ಬಂಡಿ ಯಾರದೇ ಇರಲಿ, ಹಿಂದೆ ಬಂದವನು ನಿಂತು, ತನ್ನ ಎತ್ತು ಬಿಚ್ಚಿ, ಅದರ ಮುಂದೆ ಕಟ್ಟಿ ಎಳೆಸಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಸಾಹುಕಾರರು ಒಟ್ಟಾಗಿ ಬಾಡಿಗೆ ಇಳಿಸಿದಾಗ ಉಜ್ಜಿನಪ್ಪ ಈ ನಂಟನ್ನೇ ಹಿಡಿದು ಬಂಡಿಯವರ ಸಂಘ ಕಟ್ಟಿದ. “ಕೆಸರಾಗ ಒಬ್ಬರಿಗೊಬ್ಬರು ಆಗ್ತೀವಿ, ಪ್ಯಾಟ್ಯಾಗ ಯಾಕ ಆಗಬಾರದು?” ಎಂದ. ಗೊತ್ತುಮಾಡಿದ ಬಾಡಿಗೆಗಿಂತ ಕಡಿಮೆಗೆ ಯಾರೂ ಹೇರು ಒಯ್ಯುವುದಿಲ್ಲವೆಂದು ಎಲ್ಲರೂ ನೊಗ ಮುಟ್ಟಿ ಆಣೆ ಮಾಡಿದರು. ಸುಗ್ಗಿಯ ನಡುವೆ ಬಂಡಿಗಳು ನಿಂತವು. ಅರಳೆ ಇದ್ದಲ್ಲೇ ಕೂತಿತು. ಸಾಹುಕಾರರು ಬಗ್ಗಿದರು.

ಕಡಿಮೆ ಬಾಡಿಗೆಗೆ ಹೇರು ಒಯ್ದು ಆಣೆ ಮುರಿದವನು ಸಿರುಗುಪ್ಪದ ಹೊನ್ನೂರಪ್ಪ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ! ಇಬ್ಬರೂ ದಾರಿಯಲ್ಲಿ ಒಂದೇ ಬುತ್ತಿ ಉಂಡವರು. ಹೊನ್ನೂರಪ್ಪ ‘ಅಣ್ಣಾ’ ಎನ್ನದೆ ಮಾತು ಶುರುಮಾಡುತ್ತಿರಲಿಲ್ಲ.

“ನಮ್ಮ ಕರಿಯಗ ವಯಸ್ಸಾಗೈತಣ್ಣಾ, ಪೂರಾ ಹೇರು ಎಳೆಯಂಗಿಲ್ಲ,” ಎಂದ ಅವನು, ಸಂಘದವರೆಲ್ಲರೆದುರು ನಿಂತು. “ಪೂರಾ ಬಾಡಿಗಿ ಕೇಳಿದ್ರ ನನ್ನ ಬಂಡಿ ಯಾರು ಹಿಡೀತಾರ? ನಿಮ್ಮವು ಗಟ್ಟಿ ಎತ್ತು, ನಿಮ್ಮನ್ನ ಕರೀತಾರ.”

ಮಾತು ನಿಜವಾಗಿತ್ತು. ನಿಜವಾದ್ದರಿಂದಲೇ ಉಜ್ಜಿನಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮುದಿ ಎತ್ತಿನವರಿಗೊಂದು ದಾರಿ ಹುಡುಕುವುದು ಬಿಟ್ಟು, “ಇನ್ನ ಇವನ ಬಂಡಿಗೆ ಯಾರೂ ಎತ್ತು ಕಟ್ಟಂಗಿಲ್ಲ” ಎಂದುಬಿಟ್ಟ. ಶಿಕ್ಷೆಗೆ ಬೇರೇನೂ ಹೊಳೆಯಲಿಲ್ಲವೇ, ಆ ಪುಣ್ಯಾತ್ಮನಿಗೆ!

ಅದೇ ತಿಂಗಳು ಅಡ್ಡಮಳೆ ಬಂತು. ತೆಕ್ಕಲಕೋಟೆ ದಾಟಿದ ಮೇಲೆ ಸಿಗುವ ಹಳ್ಳದಲ್ಲಿ ಹೊನ್ನೂರಪ್ಪನ ಬಂಡಿ ಹೂತು ನಿಂತಿತ್ತು. ಸಂಘದ ಬಂಡಿಗಳ ಸಾಲಿನಲ್ಲಿ ಉಜ್ಜಿನಪ್ಪನದೇ ಮುಂದಿನದು. ಅವನು ನಿಂತರೆ ಎಲ್ಲರೂ ನಿಲ್ಲುತ್ತಿದ್ದರು.

“ಅಣ್ಣಾ, ಕರಿಯ ಬಿದ್ದಾನ! ಒಂದೀಟು ಎತ್ತು ಕಟ್ಟಣ್ಣಾ!”

ಉಜ್ಜಿನಪ್ಪನ ಕೈ ಹಗ್ಗ ಜಗ್ಗಲು ಹೋಯಿತು. ಹಿಂದಿನವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎಂಬುದು ನೆನಪಾಗಿ ಕೈ ನಿಂತಿತು. ತನ್ನ ಎತ್ತುಗಳ ಬೆನ್ನನ್ನೇ ನೋಡುತ್ತ ಹಳ್ಳ ದಾಟಿದ. ಕಾಲು ಮುರಿದಿದ್ದ ಕರಿಯ ಮತ್ತೆ ಏಳಲಿಲ್ಲ. ಆ ದಿನ ಕುರುಗೋಡಿನಲ್ಲಿ ಬಂಡಿಯವರು ಮುಖಂಡನೆಂದರೆ ಹೀಗಿರಬೇಕು ಎಂದು ಹೊಗಳಿದರು. ಅವನು ಆ ಹೊಗಳಿಕೆ ಮುಗಿಯುವ ಮೊದಲೇ ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದ.

ಆಮೇಲಿನದು ಅವನ ಕೈಯಲ್ಲಿರಲಿಲ್ಲ. ಹೂತ ಬಂಡಿ ಕಂಡರೆ ಜನ ಮೊದಲು ‘ಇವನು ನಮ್ಮವನೋ ಅಲ್ಲವೋ’ ಎಂದು ಕೇಳತೊಡಗಿದರು. ಬರಬರುತ್ತ ಕೇಳುವುದನ್ನೂ ಬಿಟ್ಟು ಸುಮ್ಮನೆ ದಾಟಿಹೋದರು. ಕೆಸರಿನಲ್ಲಿ ಆಗದವರು ಪೇಟೆಯಲ್ಲಿ ಆದಾರೆಯೇ? ಸಾಹುಕಾರರು ತಮ್ಮದೇ ಬಂಡಿಗಳನ್ನು ಮಾಡಿಕೊಂಡರು. ಸಂಘ ಹೇಳಹೆಸರಿಲ್ಲದೆ ಹೋಯಿತು.

ಎಷ್ಟೋ ವರ್ಷಗಳ ಮೇಲೆ ಅದೇ ಹಳ್ಳದಲ್ಲಿ ಉಜ್ಜಿನಪ್ಪನ ಬಂಡಿ ಹೂತಿತು. ಒಂದರ ಹಿಂದೊಂದು ಬಂಡಿಗಳು ಪಕ್ಕದಲ್ಲೇ ಹಾದುಹೋದವು. ಕಡೆಗೊಂದು ಸಾಹುಕಾರನ ಬಂಡಿ ನಿಂತಿತು. ಹೊಡೆಯುತ್ತಿದ್ದವನು ಹೊನ್ನೂರಪ್ಪ, ಈಗ ಕೂಲಿಯಾಳು. ಇಳಿದು, ಎತ್ತು ಬಿಚ್ಚಿ, ಮುಂದೆ ಕಟ್ಟಿ ಎಳೆಸಿದ. ಬಂಡಿ ದಡ ಹತ್ತಿತು.

“ಹೊನ್ನೂರಾ... ಅವತ್ತು ನಾ ನಿಲ್ಲಬೇಕಿತ್ತು,” ಎಂದ ಉಜ್ಜಿನಪ್ಪ.

ಹೊನ್ನೂರಪ್ಪ ಹಗ್ಗ ಸುತ್ತುತ್ತ, “ಹೊಂಡ್ರಿ ಯಜಮಾನ್ರ, ಮಳಿ ಬರಂಗೈತಿ” ಎಂದು ತನ್ನ ಬಂಡಿ ಹತ್ತಿದ.

ಮನೆಯಲ್ಲಿ ಹೆಂಡತಿ ಹಂಪಮ್ಮ ಅವನ ಕೆಸರು ಮೈ ನೋಡಿ, “ಹಳ್ಳ ಹೆಂಗ ದಾಟಿದ್ರಿ? ಯಾರು ಎತ್ತು ಕಟ್ಟಿದ್ರು?” ಎಂದು ಕೇಳಿದಳು.

“ನನಗ ‘ಅಣ್ಣಾ’ ಅಂತಿದ್ದವ,” ಎಂದ ಉಜ್ಜಿನಪ್ಪ.

ಹಂಪಮ್ಮ ಕಾಲಿಗೆ ನೀರು ಕೊಟ್ಟಳು.