ಹುಲಿಯನ್ನು ನಾನೂ ನೋಡಿದ್ದೆ

ಹುಲಿ ಇತ್ತು. ನಾನು ನೋಡಿದ್ದೆ. ನೋಡಿಯೂ ಇಲ್ಲ ಎಂದೆ — ಒಂದು ದಿನವಲ್ಲ, ನಲವತ್ತು ವರ್ಷಕ್ಕೂ ಮೇಲೆ ಅದನ್ನೇ ಹೇಳುತ್ತ ಬಂದೆ. ನನ್ನ ತಂಗಿ ಗಿರಿಜೆಗೆ ನಮ್ಮ ಬಳಗದಲ್ಲಿ ಸುಳ್ಳುಗಾತಿ ಎಂಬ ಹೆಸರು ಬಂದದ್ದು ನನ್ನಿಂದ. ಇದನ್ನು ಓದುವವರಲ್ಲಿ ಅವಳನ್ನು ನೋಡಿ ನಕ್ಕವರೂ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಕಾರ್ಖಾನೆಯಲ್ಲಿ ಫಿಟ್ಟರ್, ವಯಸ್ಸು ಇಪ್ಪತ್ತಮೂರು; ಗಿರಿಜೆಗೆ ಹದಿನೇಳು. ನಮ್ಮ ಸೋದರಮಾವ ಒಂದು ಹಳೇ ಕಾರು ಕೊಂಡಿದ್ದರು. ಒಂದು ದಿನ ಇದ್ದಕ್ಕಿದ್ದ ಹಾಗೆ, “ಮೂರು ದಿನ ಕಾರು ತಗೊಂಡು ಹೋಗೋ. ಅಮ್ಮಂಗೂ ಗಿರಿಜೆಗೂ ಶ್ರೀರಂಗಪಟ್ಟಣದ ಯುದ್ಧದ ಜಾಗ ತೋರ್ಸು, ಹಾಗೇ ಬಂಡೀಪುರದ ಕಾಡೂ ತೋರ್ಸು. ಡ್ರೈವರ್ ಯಾಕೆ, ನೀನೇ ಓಡಿಸ್ತೀಯಲ್ಲ” ಅಂದುಬಿಟ್ಟರು. ಅಬ್ಬಾ, ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಡೀ ಬೀದಿಯಲ್ಲಿ ಕಾರು ಓಡಿಸಬಲ್ಲವನು ನಾನೊಬ್ಬನೇ — ಆ ಜಂಭ ಬೇರೆ.

ಕಾರಿಗೆ ಒಂದೇ ಒಂದು ಕೊರತೆ. ಸೆಲ್ಫ್ ಕೆಟ್ಟಿತ್ತು. ಎಂಜಿನ್ ನಿಂತರೆ ಯಾರಾದರೂ ಇಳಿದು, ಮುಂಭಾಗಕ್ಕೆ ಹ್ಯಾಂಡಲ್ ಸಿಕ್ಕಿಸಿ, ಕೈಯಿಂದ ತಿರುಗಿಸಬೇಕು. ಅದು ಹಿಂದಕ್ಕೆ ಒದೆಯುತ್ತದೆ, ಹೆಬ್ಬೆರಳು ಸುತ್ತಿ ಹಿಡಿಯಬಾರದು. ಇದನ್ನು ನಾನು ಗಿರಿಜೆಗೂ ಹೇಳಿಕೊಟ್ಟಿದ್ದೆ, ತಮಾಷೆಗೆ. ದಿನಾ ಬಾವಿಯಿಂದ ನೀರು ಸೇದುತ್ತಿದ್ದ ತೋಳು, ಎರಡೇ ಸಲಕ್ಕೆ ಎಂಜಿನ್ ಎಬ್ಬಿಸಿಬಿಟ್ಟಳು.

ಅಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. “ಹುಲಿಗಿಲಿ ಇರೋ ಕಡೆ ವಯಸ್ಸಿಗೆ ಬಂದ ಹುಡುಗೀನ ಕರ್ಕೊಂಡು ಹೋಗ್ತೀಯೇನೋ?” ಎಂದಳು. “ರಸ್ತೇಲಿ ಜಿಂಕೆ ಬಿಟ್ರೆ ಇನ್ನೇನೂ ಬರಲ್ಲಮ್ಮ, ನಾನಿಲ್ವಾ” ಎಂದೆ. ನಾನಿಲ್ವಾ — ಎಷ್ಟು ಸಲೀಸಾಗಿ ಬಂತು ಆ ಮಾತು.

ಬೆಳಗಿನ ಚಳಿಯಲ್ಲಿ ಹೊರಟೆವು. ಕೆಂಗೇರಿ ಆಗ ಹಳ್ಳಿ. ಕೆರೆಯ ಹತ್ತಿರ ನಿಲ್ಲಿಸಿ ರೇಡಿಯೇಟರಿಗೆ ನೀರು ತುಂಬಿಸುವಾಗ ಊರ ಮಕ್ಕಳೆಲ್ಲ ಸುತ್ತ ಮುತ್ತಿಕೊಂಡವು. ಗಿರಿಜೆ ಮಹಾರಾಣಿಯ ಹಾಗೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಅವಳ ಬಾಯಿಗೆ ಬಿಡುವಿಲ್ಲ. ಕಂಡದ್ದನ್ನೆಲ್ಲ ಹೇಳಬೇಕು ಅವಳಿಗೆ — ಎಮ್ಮೆಯ ಮೇಲೆ ಕೂತ ಕೊಕ್ಕರೆ, ರಾಮನಗರದ ಬಂಡೆ, ಚನ್ನಪಟ್ಟಣದ ಗೊಂಬೆ. ಅವಳು ಹೇಳಿದ ಮೇಲೇ ಅದು ನಮಗೂ ಕಾಣುತ್ತಿತ್ತು.

ಶ್ರೀರಂಗಪಟ್ಟಣದಲ್ಲಂತೂ ಹುಡುಗಿ ಕೈಗೇ ಸಿಗಲಿಲ್ಲ. ಕೋಟೆಯ ಗೋಡೆ ಒಡೆದ ಜಾಗಕ್ಕೆ ಓಡಿ ಹತ್ತಿ, “ಅಣ್ಣ, ಇಲ್ಲೇ ನುಗ್ಗಿದ್ದು. ನೋಡು, ಬೇಸಿಗೇಲಿ ಹೊಳೆ ಬತ್ತಿರತ್ತೆ, ಆ ಬಂಡೆ ಮೇಲೆ ಕಾಲಿಟ್ಕೊಂಡು ಬಂದಿರ್ತಾರೆ” ಎಂದು ಕೈ ಚಾಚಿ ತೋರಿಸಿದಳು. ನನಗೆ ಮೈ ಜುಮ್ಮೆಂದಿತು. ಸುಲ್ತಾನ ಬಿದ್ದ ಜಾಗದಲ್ಲಿ ನಿಂತು, “ನಾನಾಗಿದ್ರೂ ಓಡ್ತಿರ್ಲಿಲ್ಲ ಕಣೇ” ಎಂದು ಎದೆಯುಬ್ಬಿಸಿದೆ. ಅಮ್ಮ ಮಾತ್ರ ಬುತ್ತಿ ಬಿಚ್ಚಲು ಬಿಡಲಿಲ್ಲ. ಅಷ್ಟು ಜನ ಸತ್ತ ನೆಲದಲ್ಲಿ ಅನ್ನ ಉಣ್ಣಬಾರದಂತೆ. ಊರು ದಾಟಿ, ಮರದಡಿ ಕೂತು, ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿ ತಿಂದೆವು.

ರಾತ್ರಿ ಮೈಸೂರಿನ ಛತ್ರದಲ್ಲಿ ಉಳಿದು, ಮರುದಿನ ಗುಂಡ್ಲುಪೇಟೆ ದಾಟಿ ಕಾಡಿನ ರಸ್ತೆಗೆ ಬಿದ್ದೆವು. ಜಿಂಕೆಯ ಹಿಂಡು, ಒಂದು ಕಾಡುಕೋಣ, ದೂರದಲ್ಲಿ ಆನೆಯ ಬೆನ್ನು. ಗಿರಿಜೆ ಎಣಿಸಿ ಎಣಿಸಿ ಸುಸ್ತಾದಳು. ಅಮ್ಮನಿಗೆ ತಲೆ ಸುತ್ತಿ, ಹಿಂದಿನ ಸೀಟಿನಲ್ಲಿ ಮುಖಕ್ಕೆ ಸೆರಗು ಹೊದ್ದು ಮಲಗಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತು, ಒಂದು ತಿರುವು —

ರಸ್ತೆಯ ನಡುವೆ ನಿಂತಿತ್ತು. ಅಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬ್ರೇಕ್ ತುಳಿದೆ, ಕ್ಲಚ್ ಮರೆತೆ. ಎಂಜಿನ್ ನಿಂತುಹೋಯಿತು. ಅದು ನಮ್ಮನ್ನು ನೋಡಿತು, ತೂಕಡಿಸುತ್ತಿದ್ದ ಗಿರಿಜೆ ತಲೆಯೆತ್ತುವಷ್ಟರಲ್ಲಿ ಮೆಲ್ಲಗೆ ಎಡಗಡೆಯ ಪೊದೆಯೊಳಗೆ ಸರಿಯಿತು. ಪೂರ್ತಿ ಸರಿಯಲಿಲ್ಲ. ಬಾಲದ ತುದಿ ಹೊರಗೇ ಇತ್ತು, ಆಡುತ್ತಿತ್ತು.

“ಅಣ್ಣ, ಹುಲಿ” ಎಂದಳು ಗಿರಿಜೆ, ಅಮ್ಮನಿಗೆ ಕೇಳಿಸದ ಹಾಗೆ.

ಈಗ ಯಾರಾದರೂ ಇಳಿಯಬೇಕು. ನಾನು ಇಳಿಯಬೇಕು — ನನಗೆ ಗೊತ್ತಿತ್ತು. ಸ್ಟಿಯರಿಂಗ್ ಹಿಡಿದ ಕೈ ಬಿಡಲಿಲ್ಲ. ಆ ಬಾಲವನ್ನೇ ನೋಡುತ್ತ ನಾನು ಅಂದೆ: “ಹುಲಿಯೂ ಇಲ್ಲ ಗಿಲಿಯೂ ಇಲ್ಲ, ಒಣ ಹುಲ್ಲು ಕಣೇ ಅದು. ನನ್ನ ಕೈ ಉಳುಕಿದೆ. ನೀನಿಳಿದು ಹ್ಯಾಂಡಲ್ ತಿರುಗಿಸು.”

ಅವಳು ನನ್ನ ಮುಖ ನೋಡಿದಳು. “ಹೌದಾ? ನೀನು ಹೇಳಿದ್ಮೇಲೆ ಸರಿ” ಎಂದು ಇಳಿದಳು.

ಎರಡು ಸಲ ತಿರುಗಿಸಿದಳು, ಹತ್ತಲಿಲ್ಲ. ಬೆವರು ಒರೆಸಿಕೊಳ್ಳುತ್ತ ಎಡಕ್ಕೆ ತಿರುಗಿದವಳು ಹಾಗೇ ನಿಂತಳು. ಕಿರುಚಲಿಲ್ಲ. ಮತ್ತೆ ಬಗ್ಗಿ, ಹೆಬ್ಬೆರಳು ಹೊರಗಿಟ್ಟು, ಮೂರನೇ ಸಲ ತಿರುಗಿಸಿದಳು. ಎಂಜಿನ್ ಹತ್ತಿತು. ಒಳಗೆ ಬಂದು, ಬಾಗಿಲು ಸದ್ದಿಲ್ಲದೆ ಎಳೆದುಕೊಂಡು, “ಅಲ್ಲೇ ಇದೆ ಅಣ್ಣ” ಎಂದಳು. “ಎಲ್ಲಿ? ನಂಗೇನೂ ಕಾಣ್ಲಿಲ್ಲ” ಎಂದು ಓಡಿಸಿಬಿಟ್ಟೆ.

ಅಲ್ಲಿಗೇ ಬಿಟ್ಟಿದ್ದರೆ... ಊರಿಗೆ ಬಂದಾಗ ಅರ್ಧ ಬೀದಿ ನಮ್ಮ ಜಗಲಿಯ ಮೇಲೆ ಕೂತಿತ್ತು. ಗಿರಿಜೆ ಕಣ್ಣರಳಿಸಿ ಹುಲಿಯ ಕಥೆ ಹೇಳಿದಳು, ಕೊನೆಗೆ “ಅಣ್ಣ, ನೀನ್ ಹೇಳೋ” ಎಂದು ನನ್ನ ಕಡೆ ತಿರುಗಿದಳು. ಹುಲಿ ಇತ್ತೆಂದರೆ ತಂಗಿಯನ್ನು ಅದರ ಮುಂದೆ ಇಳಿಸಿದವನು ನಾನಾಗುತ್ತೇನೆ. ಹುಲಿ ಇರಕೂಡದು. “ಬಿಸಿಲಿಗೆ ಇವಳ ಕಣ್ಣು ಮಂಜಾಗಿತ್ತು” ಎಂದೆ. ಎಲ್ಲರೂ ನಕ್ಕರು. ಅವಳು ಮತ್ತೆ ಮತ್ತೆ ಹೇಳಿದಳು, ಅತ್ತಳು, ಅವರು ಇನ್ನಷ್ಟು ನಕ್ಕರು. ಅಂದಿನಿಂದ ಅವಳು ಹುಲಿ ಗಿರಿಜೆ. ಅವಳೇನು ಹೇಳಿದರೂ ಮುಕ್ಕಾಲು ಕಳೆದು ಕೇಳಿ ಎನ್ನುವುದು ಮನೆಯ ರೂಢಿಯಾಯಿತು. ಮದುವೆಯಾದ ಮೇಲೆ ಆ ತಮಾಷೆಯನ್ನು ಅವಳ ಗಂಡನ ಮನೆಗೆ ದಾಟಿಸಿದವನೂ ನಾನೇ — ಛೇ, ಹೊಟ್ಟೆ ತುಂಬ ಉಂಡು, ಅವರ ಪಡಸಾಲೆಯಲ್ಲೇ ಕೂತು ಹೇಳಿದೆ. ಕಂಡದ್ದನ್ನೆಲ್ಲ ಹೇಳುತ್ತಿದ್ದ ಹುಡುಗಿ ಬರಬರುತ್ತ ಏನನ್ನೂ ಹೇಳದಾದಳು. ಅಮ್ಮ ಸಾಯುವಾಗಲೂ ಮಗಳಿಗೆ ಭ್ರಮೆಯಾಗಿತ್ತೆಂದೇ ನಂಬಿದ್ದಳು.

ಹೋದ ತಿಂಗಳು ಕೆಂಗೇರಿ ಉಪನಗರದ ಅವಳ ಮನೆಗೆ ಹೋದೆ. ಅವರೆಕಾಯಿ ಬಿಡಿಸುತ್ತ ಕೂತಿದ್ದಳು. “ಗಿರಿಜಾ, ಅವತ್ತು ಹುಲಿ ಇತ್ತು. ನಾನೂ ನೋಡಿದ್ದೆ. ಎಲ್ಲರಿಗೂ ಗೊತ್ತಾಗೋ ಹಾಗೆ ಬರೀತೀನಿ” ಎಂದೆ.

ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ನಾನ್ ಹೇಳ್ಲಿಲ್ವಾ? ನಾನ್ ಹೇಳ್ಲಿಲ್ವಾ?” ಎಂದು ಹದಿನೇಳರ ಹುಡುಗಿಯ ಹಾಗೆ ನಕ್ಕಳು, ಕಣ್ಣೊರೆಸಿಕೊಂಡಳು. ಆಮೇಲೆ ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

“ಯಾವಾಗ ನೋಡ್ದೆ ಅಣ್ಣ? ನಾನು ಇಳಿಯೋಕ್ ಮುಂಚೇನಾ, ಇಳಿದ್ಮೇಲಾ?”

ಇಳಿದ ಮೇಲೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಮಾತು ನಾಲಗೆಯ ತುದಿಗೆ ಬಂದೂ ಇತ್ತು.

“ಮುಂಚೆ” ಎಂದೆ.

ಅವಳು ಮೊರದಲ್ಲಿ ಉಳಿದಿದ್ದ ಕಾಯನ್ನೆಲ್ಲ ಬಿಡಿಸಿ ಮುಗಿಸಿದಳು. ಎದ್ದು ಒಳಗೆ ಹೋಗುವಾಗ, “ಅದನ್ನೂ ಬರಿ” ಎಂದಳು.

ಬರೆದಿದ್ದೇನೆ.